ಬಾನೆಟ್ಟಿಗೂ ಬೀಗವೇ?

ಗಾಡಿಯ ವಿಷಯ ಗಂಡಸರದ್ದು ಎಂದು ಯಾರು ಹೇಳಿದರೋ ಕಾಣೆ. ಗಾಡಿ ಕೊಳ್ಳುವಾಗ ಮುಂಗಡಕ್ಕೆಂದು ಸೊಸೈಟಿಯಲ್ಲಿ ಅಡವಿಡುವುದು ಹೆಂಗಸಿನ ಸರ. ಕಂತು ತಪ್ಪಿದ ತಿಂಗಳು ಕರಗುವುದು ಅವಳ ಚೀಟಿಯ ದುಡ್ಡು. ಗಾಡಿ ಕೆಟ್ಟು ನಿಂತರೆ ಹಾಲಿನ ಕ್ಯಾನು ಹೊತ್ತು ಡೈರಿಯವರೆಗೆ ನಡೆಯುವವಳೂ, ಜ್ವರದ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಸ್ಸಿಗೆ ಕಾಯುವವಳೂ ಅವಳೇ. ಬಾನೆಟ್ಟಿನ ಕೆಳಗೆ ಏನಿದೆ ಎಂದು ಕೇಳುವ ಹಕ್ಕು ಮಾತ್ರ ಅವಳಿಗಿಲ್ಲ! ಈಗ ತಮಾಷೆ ಏನೆಂದರೆ, ಆ ಹಕ್ಕು ಗಂಡಸರಿಗೂ ಉಳಿದಿಲ್ಲ. ಲಕ್ಷಗಟ್ಟಲೆ ಕೊಟ್ಟು ತಂದ ಗಾಡಿ ನಮ್ಮ ಅಂಗಳದಲ್ಲೇ ನಿಂತಿರುತ್ತದೆ. ಅದನ್ನು ಬಿಚ್ಚಿ ಸರಿಮಾಡುವ ಅಧಿಕಾರ ಇನ್ನೆಲ್ಲೋ ಕುಳಿತ ಕಂಪೆನಿಯದು. ನನ್ನ ಜಗಳ ಇರುವುದು ಇದರ ಮೇಲೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳನ್ನು ಬಲ್ಲವರಿಗೆ ಇಲ್ಲಿ ಗಾಡಿ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬಯಲುಸೀಮೆಯಂತೆ ಒತ್ತೊತ್ತಾದ ಊರುಗಳಲ್ಲ ನಮ್ಮವು. ಗುಡ್ಡದ ಬುಡಕ್ಕೊಂದು ಮನೆ, ತೋಟದ ತಲೆಗೊಂದು ಮನೆ. ಡಾಂಬರು ರಸ್ತೆ ಬಿಟ್ಟ ಮೇಲೆ ಎರಡು ಮೈಲಿ ಮಣ್ಣಿನ ದಾರಿ, ನಡುವೆ ಎರಡು ಹಳ್ಳ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ತುಂಬಿದಾಗ ಊರುಗಳ ಜೊತೆಗೆ ದಾರಿಗಳೂ ಮುಳುಗಿದವು. ತುಮರಿ ಕಡೆಯವರು ಸಾಗರಕ್ಕೆ ಬರಲು ಲಾಂಚಿಗಾಗಿ ಕಾಯುತ್ತ ಕೂರಬೇಕಿತ್ತು. ಸಿಗಂದೂರಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ಇನ್ನು ಹುಲಿಕಲ್, ಆಗುಂಬೆಯ ಮಳೆಯ ವಿಷಯ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಇಂಥ ಕಡೆ ಗಾಡಿ ಅಂತಸ್ತಿನ ವಸ್ತುವಲ್ಲ. ಮನೆಗೆ ಬಾಗಿಲು ಹೇಗೋ ಹಾಗೆ.

ಈ ಜಾಗವನ್ನು ಎಷ್ಟೋ ವರ್ಷ ತುಂಬಿದ್ದು ಜೀಪು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕೆಂದು ಹುಟ್ಟಿದ ಗಾಡಿ ಅದು. ಯುದ್ಧಭೂಮಿಯಲ್ಲಿ ಸರ್ವೀಸ್ ಸೆಂಟರ್ ಎಲ್ಲಿರುತ್ತದೆ ಹೇಳಿ? ಸಿಪಾಯಿಯೇ ಬಿಚ್ಚಿ ಜೋಡಿಸುವಂತಿರಬೇಕು ಎನ್ನುವುದು ಅದರ ಜಾತಕದಲ್ಲೇ ಬರೆದಿತ್ತು. 1947ರಲ್ಲಿ ಮಹೀಂದ್ರದವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿದರು. ಮುಂದೆ ಅದಕ್ಕೆ ಫ್ರಾನ್ಸಿನ ಪ್ಯೂಜೋ ಕಂಪೆನಿಯ ಡೀಸೆಲ್ ಎಂಜಿನ್ನು ಬಂತು. ಎಂಬತ್ತರ ದಶಕದ ಎಂ.ಎಂ. 540, ಆಮೇಲಿನ ಮೇಜರ್, ಕಮಾಂಡರ್. ಜೊತೆಗೆ ಬಜಾಜ್ ಟೆಂಪೋದವರ ಮ್ಯಾಟಡೋರ್, ಟ್ರಾಕ್ಸ್. ಹೆಸರು ಬೇರೆಯಾದರೂ ಸ್ವಭಾವ ಒಂದೇ. ದಪ್ಪ ತಗಡು, ಕಬ್ಬಿಣದ ಪ್ಲೇಟುಗಳ ಸ್ಪ್ರಿಂಗು, ಕೈಗೆ ಸಿಗುವಂತೆ ಜೋಡಿಸಿದ ಎಂಜಿನ್ನು. ಬ್ಯಾಟರಿ ಸತ್ತರೆ ಇಳಿಜಾರಿನಲ್ಲಿ ನಾಲ್ಕು ಜನ ನೂಕಿದರಾಯಿತು. ಇಂಥ ಹಳೆಯ ಜೀಪುಗಳು ಜನರನ್ನು ತುಂಬಿಕೊಂಡು ಕಲ್ಲುಗುಂಡಿಗಳ ಮೇಲೆ ಕೊಡಚಾದ್ರಿ ಏರುವುದನ್ನು ಇಂದಿಗೂ ನೋಡಬಹುದು.

ನಾನು ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ನಡುವೆ, ಹೊಸನಗರ ತಾಲೂಕಿನ ಒಂದು ಹೈಸ್ಕೂಲಿಗೆ. ಬಸ್ಸು ಇಳಿದ ಮೇಲೆ ಜೀಪೇ ಗತಿ. ಎಂಟು ಜನರ ಗಾಡಿಯಲ್ಲಿ ಹದಿನೆಂಟು ಜನ, ಕಾಲ ಬುಡದಲ್ಲಿ ಹಿಂಡಿ ಮೂಟೆ, ಯಾರದೋ ತೊಡೆಯ ಮೇಲೆ ಕೋಳಿ. ಅದೇ ಜೀಪಿನಲ್ಲಿ ಆಷಾಢದ ಒಂದು ರಾತ್ರಿ ಶಾಲೆಯ ಹತ್ತಿರದ ಮನೆಯ ಬಸುರಿಯನ್ನು ಆಸ್ಪತ್ರೆಗೆ ಒಯ್ದರು. ಕಾಡಿನ ನಡುವೆ ಎಂಜಿನ್ನು ನಿಂತಿತು. ಡೀಸೆಲ್ಲಿನಲ್ಲಿ ನೀರು. ಅತ್ತೆ ಟಾರ್ಚು ಹಿಡಿದರು, ಡ್ರೈವರ್ ಫಿಲ್ಟರು ಬಿಚ್ಚಿ ನೀರು ಚೆಲ್ಲಿದ, ಕೈಪಂಪು ಒತ್ತಿ ಒತ್ತಿ ಪೈಪಿನೊಳಗಿನ ಗಾಳಿ ತೆಗೆದ. ಇಪ್ಪತ್ತು ನಿಮಿಷಕ್ಕೆ ಗಾಡಿ ಹೊರಟಿತು. ಆ ರಾತ್ರಿ ಹುಟ್ಟಿದ ಹುಡುಗಿ ಮುಂದೆ ನನ್ನ ಕ್ಲಾಸಿನಲ್ಲೇ ಕೂತು ಎಸ್ಸೆಸ್ಸೆಲ್ಸಿ ಪಾಸಾದಳು.

ಇದು ಪವಾಡವಲ್ಲ, ತಿಳಿವಳಿಕೆ. ಡೀಸೆಲ್ ಟ್ಯಾಂಕು ತೂತಾದರೆ ಬಟ್ಟೆ ಸೋಪನ್ನು ಮೆತ್ತಿ ಮನೆ ಮುಟ್ಟಿಸುವುದು, ಪ್ಲೇಟು ಕಟ್ಟಾದರೆ ಮರದ ತುಂಡಿಟ್ಟು ಹಗ್ಗ ಬಿಗಿಯುವುದು ಊರಿನಲ್ಲಿ ಹತ್ತು ಜನರಿಗೆ ಬರುತ್ತಿತ್ತು. ನಮ್ಮ ಅಮ್ಮಂದಿರು ಪಂಪ್ ಸ್ಟೋವಿಗೆ ಪಿನ್ನು ಹಾಕುತ್ತಿದ್ದರು, ವಾಷರ್ ಬದಲಿಸುತ್ತಿದ್ದರು. ಹೊಲಿಗೆ ಮೆಷಿನ್ನಿನ ಬಾಬಿನ್ ಕೇಸು ಬಿಚ್ಚಿ, ದಾರದ ತುಂಡು ತೆಗೆದು, ಎಣ್ಣೆ ಬಿಡುವ ಹೆಂಗಸು ಮೆಕ್ಯಾನಿಕ್ ಅಲ್ಲವೇ? ಬಿಚ್ಚಲು ಬರುವ ವಸ್ತುವಿಗೆ ಮಾತ್ರ ನಾವು ಒಡೆಯರು. ಬಿಚ್ಚಲಾಗದ ವಸ್ತುವಿಗೆ ನಾವು ಬಾಡಿಗೆದಾರರು, ಅಷ್ಟೆ.

ಈಗ ಆ ಗಾಡಿಗಳು ಒಂದೊಂದಾಗಿ ಹೋದವು. ಅಂಬಾಸಡರ್ ಕಾರು 2014ರಲ್ಲಿ ನಿಂತಿತು. 1985ರಲ್ಲಿ ಬಂದ ಜಿಪ್ಸಿ, 1994ರಲ್ಲಿ ಬಂದ ಸುಮೋ ಎರಡೂ 2019ರ ಹೊತ್ತಿಗೆ ಮಾರುಕಟ್ಟೆ ಬಿಟ್ಟವು. 2000ದಲ್ಲಿ ಬಂದ ಬೊಲೆರೊ ನಮ್ಮ ಕಡೆ ಇನ್ನೂ ಬಾಳುತ್ತಿದೆ ನಿಜ, ಆದರೆ ಅದರ ಹೊಟ್ಟೆಗೂ ಕಂಪ್ಯೂಟರು ಹೊಕ್ಕಿದೆ. 2020ರ ಅಕ್ಟೋಬರಿನಲ್ಲಿ ಬಂದ ಹೊಸ ಥಾರ್‌ಗೆ ಹೊರಗೆ ಅಜ್ಜ ಜೀಪಿನ ಮುಖ, ಒಳಗೆ ಟಚ್ ಸ್ಕ್ರೀನು. ಮಳೆಗಾಲದ ಶನಿವಾರ, ಭಾನುವಾರ ಪೇಟೆಯ ಹುಡುಗರು ಅಂಥ ಗಾಡಿ ತಂದು ನಮ್ಮ ಹಳ್ಳದ ನೀರಿನಲ್ಲಿ ಇಳಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಒರಟುತನ ನಮಗೆ ಬದುಕಿನ ಅಗತ್ಯವಾಗಿತ್ತು. ಅವರಿಗೆ ಅದು ವೇಷ.

2022ರ ಶ್ರಾವಣದಲ್ಲಿ ನಮ್ಮ ಭಾವನ ಮನೆಯಲ್ಲಿ ನಡೆದದ್ದನ್ನು ಕೇಳಿ. ಅಡಿಕೆಗೆ ಎರಡನೇ ಔಷಧಿ ಹೊಡೆಯುವ ಸಮಯ. ಮೈಲುತುತ್ತ, ಸುಣ್ಣ, ಪಂಪು, ಡ್ರಮ್ಮು ಎಲ್ಲವನ್ನೂ ಹೊಸ ಪಿಕಪ್ಪಿಗೆ ಹೇರಿದ್ದರು. ಔಷಧಿ ಹೊಡೆಯುವ ಆಳುಗಳು ಸಿಗುವುದೇ ಕಷ್ಟ, ಅವತ್ತು ಸಿಕ್ಕಿದ್ದರು. ಗಾಡಿಯಲ್ಲಿ ಕೆಂಪು ದೀಪ ಹತ್ತಿತು. ಆಮೇಲೆ ಎಷ್ಟು ತುಳಿದರೂ ಓಡಲೊಲ್ಲದು. ಇಪ್ಪತ್ತು ವರ್ಷದಿಂದ ನಮ್ಮ ಗಾಡಿ ನೋಡುವ ಸಾಗರದ ಮೆಕ್ಯಾನಿಕ್ ಬಂದು ನೋಡಿ ಕೈ ಒರೆಸಿಕೊಂಡರು. "ರೋಗದ ಹೆಸರು ನನ್ನ ಸ್ಕ್ಯಾನರಿನಲ್ಲಿ ಕಾಣ್ತದೆ ಟೀಚರ್, ಆದರೆ ಔಷಧಿ ಕೊಡೋಕೆ ಕಂಪೆನಿಯವರ ಸಾಫ್ಟ್‌ವೇರೇ ಬೇಕು. ಅದನ್ನ ನಮಗೆ ಮಾರೋದಿಲ್ಲ" ಎಂದರು. ಇನ್ನೊಂದು ಗಾಡಿಯ ಮೇಲೆ ಹೇರಿ ದೂರದ ಸರ್ವೀಸ್ ಸೆಂಟರಿಗೆ ಒಯ್ದರು. ಒಂದು ಸೆನ್ಸರ್ ಬರಲು ಹನ್ನೊಂದು ದಿನ. ಬಿಲ್ಲು 28,000 ರೂಪಾಯಿ. ಕೊಳೆರೋಗ ಸೆನ್ಸರಿಗಾಗಿ ಕಾಯುತ್ತದೆಯೇ? ಅರ್ಧ ತೋಟದ ಮಿಡಿ ನೆಲದ ಮೇಲಿತ್ತು. ಅತ್ತಿಗೆ ಉದುರಿದ ಕಾಯಿ ಹೆಕ್ಕುತ್ತ, "ಜೀಪು ಮಾರಬೇಡಿ ಅಂತ ನಾನು ಬಡ್ಕೊಂಡೆ" ಎಂದದ್ದು ಒಂದೇ ಮಾತು.

ಹೀಗೇಕಾಗುತ್ತದೆ ಎಂದು ನಾನು ಕೆದಕಿ ತಿಳಿದುಕೊಂಡೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿ.ಎಸ್. 6 ಎಂಬ ಹೊಗೆಯ ನಿಯಮ ಬಂದಿದೆ. ಅದಕ್ಕಾಗಿ ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರು ಇರುತ್ತದೆ. ಅಡುಗೆ ಮನೆಯ ಹೊಗೆಗೂಡಿನಲ್ಲಿ ಇಲ್ಲಣ ಕಟ್ಟುವಂತೆ ಅದರಲ್ಲಿ ಮಸಿ ಕಟ್ಟುತ್ತದೆ. ಗಾಡಿ ದೊಡ್ಡ ರಸ್ತೆಯಲ್ಲಿ ಒಂದೇ ಸಮನೆ ವೇಗವಾಗಿ ಓಡಿದರೆ ಆ ಫಿಲ್ಟರು ಚೆನ್ನಾಗಿ ಕಾದು, ಮಸಿ ತಾನೇ ಸುಟ್ಟು ಬೂದಿಯಾಗುತ್ತದೆ. ಆದರೆ ತೋಟದಿಂದ ಮನೆ, ಮನೆಯಿಂದ ಡೈರಿ ಎಂದು ಮೊದಲ ಗೇರು, ಎರಡನೇ ಗೇರಿನಲ್ಲಿ ಕುಂಟುವ ನಮ್ಮ ಗಾಡಿಗಳಲ್ಲಿ ಅದು ಕಾಯುವುದೇ ಕಷ್ಟ! ಮಸಿ ತುಂಬುತ್ತದೆ, ದೀಪ ಹತ್ತುತ್ತದೆ, ಗಾಡಿ ಮುಷ್ಕರ ಹೂಡುತ್ತದೆ. ಹೆದ್ದಾರಿಗೆ ಹೊಂದುವ ಗಾಡಿಯನ್ನು ಮಲೆನಾಡಿಗೆ ಮಾರುವವರು ಕೊಳ್ಳುವವರಿಗೆ ಇದನ್ನು ಮೊದಲೇ ಹೇಳಬೇಡವೇ?

"ಹಾಗಾದರೆ ಹೊಗೆ ಕುಡಿಯಬೇಕೇ ಟೀಚರ್?" ಎಂದು ಕೇಳುತ್ತೀರಿ. ಖಂಡಿತ ಬೇಡ. ಬಿ.ಎಸ್. 4ರಲ್ಲಿ ಡೀಸೆಲ್ ಕಾರು ಒಂದು ಕಿಲೋಮೀಟರಿಗೆ 25 ಮಿಲಿಗ್ರಾಂ ಮಸಿ ಉಗುಳಬಹುದಿತ್ತು. ಈಗ ಮಿತಿ 4.5 ಮಿಲಿಗ್ರಾಂ. ಇದು ಒಳ್ಳೆಯದೇ. ಹಳೆಯ ಜೀಪಿನ ಹಿಂದೆ ಸ್ಕೂಟಿಯಲ್ಲಿ ಹೋದವರಿಗೆ ಅದರ ಬೆಲೆ ಗೊತ್ತು. ಹಳೆಯ ಜೀಪಿಗೆ ಬೆಲ್ಟಿಲ್ಲ, ಬಾಗಿಲಿಲ್ಲ. ಮಗುಚಿದರೆ ದೇವರೇ ಗತಿ. ಇನ್ನೂ ಒಂದು ಮಾತು ಒಪ್ಪುತ್ತೇನೆ. ಆ ಜೀಪಿನ ಸ್ಟಿಯರಿಂಗ್ ತಿರುಗಿಸಲು ಗಟ್ಟಿ ತೋಳು ಬೇಕಿತ್ತು, ಹೆಂಗಸರು ಹತ್ತಿರ ಸುಳಿಯುತ್ತಿರಲಿಲ್ಲ. ಪವರ್ ಸ್ಟಿಯರಿಂಗ್ ಬಂದ ಮೇಲೆ ನಮ್ಮೂರಿನ ಸೊಸೆಯಂದಿರು ತೋಟಕ್ಕೂ, ತೀರ್ಥಹಳ್ಳಿಯ ಸಂತೆಗೂ ತಾವೇ ಗಾಡಿ ಓಡಿಸುತ್ತಾರೆ. ಅದನ್ನು ಬಿಟ್ಟುಕೊಡಿ ಎಂದು ನಾನೇಕೆ ಹೇಳಲಿ?

ಆದರೆ ಒಂದನ್ನು ಇನ್ನೊಂದರ ಸೆರಗಿಗೆ ಕಟ್ಟಬೇಡಿ. ಹೊಗೆ ಕಡಿಮೆಯಾಗಬೇಕು ಎಂದು ಸರ್ಕಾರ ಹೇಳಿತು. ಬಾನೆಟ್ಟಿಗೆ ಬೀಗ ಹಾಕಿ ಎಂದು ಹೇಳಲಿಲ್ಲ. ಫಿಲ್ಟರು ಸ್ವಚ್ಛ ಮಾಡುವ ವಿಧಾನವನ್ನು ಊರಿನ ಮೆಕ್ಯಾನಿಕ್ಕಿಗೆ ಕಲಿಸಿದರೆ ಗಾಳಿ ಕೆಡುತ್ತದೆಯೇ? ಸೆನ್ಸರು ಸಾಗರದ ಅಂಗಡಿಯಲ್ಲಿ ಸಿಕ್ಕರೆ ಏರ್‌ಬ್ಯಾಗು ಅರಳುವುದಿಲ್ಲವೇ? ಬೀಗ ಹಾಕಿದ್ದು ಪರಿಸರಕ್ಕಾಗಿ ಅಲ್ಲ, ರಿಪೇರಿಯ ಲಾಭ ಒಂದೇ ಕಡೆ ಹರಿಯಲಿ ಎಂದು. ಸರಿಯಾಗಿ ರಿಪೇರಿಯಾಗದ ಫಿಲ್ಟರನ್ನು ಬೇಸತ್ತು ಕಿತ್ತೆಸೆಯುವವರೂ ಇದ್ದಾರೆ. ಆಗ ಹೊಗೆಯೂ ಉಳಿಯಿತು, ಖರ್ಚೂ ಆಯಿತು.

ಇದು ನನ್ನೊಬ್ಬಳ ಅನುಮಾನವಲ್ಲ. 2014ರ ಆಗಸ್ಟ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ ದೇಶದ 14 ಕಾರು ಕಂಪೆನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಬಿಡಿಭಾಗ, ತಪಾಸಣೆಯ ಸಲಕರಣೆಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬುದೇ ಕಾರಣ. ಅವು ಮುಕ್ತ ಮಾರುಕಟ್ಟೆಯಲ್ಲಿ ಸಿಗಬೇಕು, ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದು ಎನ್ನಕೂಡದು ಎಂದೂ ಆಯೋಗ ಹೇಳಿತು. ಕಂಪೆನಿಗಳು ಅಪೀಲಿಗೆ ಹೋದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿಯ ಹಕ್ಕು' ಕುರಿತು ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನ ಎಲ್ಲವೂ ಅದರ ಪಟ್ಟಿಯಲ್ಲಿದ್ದವು. ಪಟ್ಟಿ ಇದೆ, ಬಿಗಿಯಾದ ಕಾನೂನು ಇಲ್ಲ. ಅತ್ತ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲೇ ಮತ ಹಾಕಿ ಕಾರಿನ ರಿಪೇರಿಯ ಹಕ್ಕನ್ನು ಪಡೆದರು. ಕೊಲರಾಡೊ ರಾಜ್ಯ 2023ರಲ್ಲಿ ರೈತರ ಟ್ರ್ಯಾಕ್ಟರಿಗೂ ಅಂಥದೇ ಕಾನೂನು ತಂದಿತು. ಜೀಪು ಹುಟ್ಟಿದ ದೇಶದ ರೈತನೇ ತನ್ನ ಗಾಡಿ ಬಿಚ್ಚಲು ಕಾನೂನಿನ ಮೊರೆ ಹೋಗಬೇಕಾಯಿತು ನೋಡಿ!

ನಮ್ಮಲ್ಲಿ ಇನ್ನೊಂದು ನ್ಯಾಯವಿದೆ. ಹಳೆಯದನ್ನು ಜೋಪಾನ ಮಾಡಿದವನಿಗೇ ಬರೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ಹೊಗೆ ಪರೀಕ್ಷೆಯಲ್ಲಿ ಪಾಸಾದ ಗಾಡಿಗೂ ಈ ಬರೆ ಏಕೆ? ಹೊಸದನ್ನು ತಯಾರಿಸಲು ಕಬ್ಬಿಣ ಕರಗಿಸುವಾಗ ಹೊಗೆ ಬರುವುದಿಲ್ಲವೇ?

"ಆಸ್ಪತ್ರೆಗೆ 108 ಇದೆಯಲ್ಲ" ಎನ್ನಬಹುದು. 2008ರಲ್ಲಿ ಬಂದ ಆ ಸೇವೆ ಎಷ್ಟೋ ಜೀವ ಉಳಿಸಿದೆ. ಆದರೆ ಡಾಂಬರು ರಸ್ತೆಯವರೆಗೆ ಬಸುರಿಯನ್ನು ಮುಟ್ಟಿಸುವುದು ಈಗಲೂ ಮನೆಯ ಗಾಡಿ, ಇಲ್ಲವೇ ಪಕ್ಕದ ಮನೆಯವರದ್ದು. ಅದು ಕೆಟ್ಟು ನಿಂತ ಜಾಗದಲ್ಲಿ ಮೊಬೈಲಿಗೆ ಸಿಗ್ನಲ್ಲೂ ಇಲ್ಲದಿದ್ದರೆ ಕಂಪೆನಿಯ ಸಹಾಯವಾಣಿ ಯಾರಿಗೆ ಸಹಾಯ?

ನನ್ನ ಸಂಕಟ ಇನ್ನೂ ಒಂದಿದೆ, ಅದು ಮೇಷ್ಟರಗಿರಿಯದು. ಗಣಿತದಲ್ಲಿ ಮೂವತ್ತೈದು ದಾಟದ ಎಷ್ಟೋ ಹುಡುಗರು ನನ್ನ ಕಣ್ಣೆದುರೇ ಗ್ಯಾರೇಜು ಸೇರಿ ಮನುಷ್ಯರಾದರು. ಸದ್ದು ಕೇಳಿಯೇ ಬೇರಿಂಗು ಹೋಗಿದೆ ಎನ್ನುತ್ತಿದ್ದರು. ತಂಗಿಯ ಮದುವೆ ಮಾಡಿದರು, ಮನೆಗೆ ಹೆಂಚು ಹೊದಿಸಿದರು. ಅವರನ್ನು ಪುಸ್ತಕ ಕೈಬಿಟ್ಟಿತ್ತು, ಸ್ಪ್ಯಾನರ್ ಕೈಹಿಡಿಯಿತು. ಈಗ ಅದೇ ಜಾಣ ಕೈಗಳಿಗೆ "ನೀನು ಮುಟ್ಟಬೇಡ" ಎನ್ನುತ್ತಿದ್ದೇವೆ. ಅವರಿಗೆ ಹೊಸ ವಿದ್ಯೆ ಬರುವುದಿಲ್ಲವೆಂದಲ್ಲ, ಕಲಿಸುವವರಿಲ್ಲ. ಐ.ಟಿ.ಐ.ಗಳಲ್ಲಿ ಕಂಪೆನಿಯ ತಪಾಸಣೆ ಯಂತ್ರ, ಅದರ ಕೈಪಿಡಿ ಕನ್ನಡದಲ್ಲಿ ಸಿಗಲಿ. ಆರು ತಿಂಗಳಲ್ಲಿ ಕಲಿತು ತೋರಿಸುತ್ತಾರೆ. ಅವರ ಜೊತೆ ನಾಲ್ಕು ಹುಡುಗಿಯರೂ ಕಲಿಯಲಿ.

ಅಲ್ಲಿಯವರೆಗೆ ನಾವು, ಕಂತು ಕಟ್ಟುವವರು, ಬಾಯಿ ತೆರೆಯೋಣ. ಮುಂದಿನ ಸಲ ಶೋರೂಮಿಗೆ ಹೋದಾಗ ಸೀಟಿನ ಬಣ್ಣ ಆರಿಸಿ ಎಂದು ನಮ್ಮನ್ನು ಒಂದು ಬದಿಗೆ ಕೂರಿಸುತ್ತಾರೆ. ಕೂರಬೇಡಿ. ಕೇಳಿ: ಇದರ ಬಿಡಿಭಾಗ ನಮ್ಮೂರಿನ ಅಂಗಡಿಯಲ್ಲಿ ಸಿಗುತ್ತದೆಯೇ? ನಿಧಾನ ಓಡುವ ದಾರಿಗೆ ಈ ಫಿಲ್ಟರು ಹೊಂದುತ್ತದೆಯೇ? ಕೆಟ್ಟರೆ ಹತ್ತಿರದ ರಿಪೇರಿ ಎಷ್ಟು ಮೈಲಿ? ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಉಳಿಯುತ್ತದೆ ಎಂದು ಬರೆದು ಕೊಡುತ್ತೀರಾ? ಸೇಲ್ಸ್‌ಮನ್ ತಡವರಿಸುತ್ತಾನೆ, ಮನೆಯವರು ಮುಜುಗರಪಡುತ್ತಾರೆ. ಪಡಲಿ. ಹತ್ತು ಹೆಂಗಸರು ಕೇಳಿದರೆ ಅವನು ಮ್ಯಾನೇಜರಿಗೆ ಹೇಳುತ್ತಾನೆ, ನೂರು ಹೆಂಗಸರು ಕೇಳಿದರೆ ಮ್ಯಾನೇಜರು ಕಂಪೆನಿಗೆ ಬರೆಯುತ್ತಾನೆ. ಸರ ನಮ್ಮದು ಅಡವಿಗೆ ಹೋಗುತ್ತಿರುವಾಗ, ಬಾನೆಟ್ಟಿನ ಕೀಲಿಕೈ ನಮಗೇ ಬೇಕು.