ಅಕ್ಕೋರ, ಏನ್ ಒತ್ತಿದ್ರಿ?

ಕಂಪ್ಯೂಟರು ಕೆಟ್ಟಾಗ ಅಂಗಡಿಯಲ್ಲಿ ಹೆಂಗಸರಿಗೆ ಸಿಗುವ ಮೊದಲ ಉತ್ತರ, "ನೀವು ಏನರ ಒತ್ತಿರ್ತೀರಿ, ಅಕ್ಕೋರ." ಅದನ್ನೇ ಗಂಡಸು ಒಯ್ದರೆ, "ಡಿಸ್ಕ್ ಹೋಗೇತ್ರಿ, ಸರ್." ಇಪ್ಪತ್ತೆಂಟು ವರ್ಷ ಉತ್ತರಪತ್ರಿಕೆ ತಿದ್ದಿದ ಬೆರಳು ನನ್ನವು. ಕಂಡಲ್ಲಿ ಒತ್ತುವ ಚಾಳಿ ಇವಕ್ಕಿಲ್ಲ.

ಮೂಡಲಗಿ ನನ್ನ ತವರು. ಅವ್ವ ಬೀಸುವ ಪದ, ಸೋಬಾನ ಪದ ಬಾಯಿತುಂಬ ಹಾಡುತ್ತಿದ್ದಳು. ನಲವತ್ತೊಂದು ಪದ ಮೊಬೈಲಿನಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕಿದ್ದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದೊಳಗೆ ನುಗ್ಗಿದಾಗ ಜನ ತೊಯ್ದ ಕಾಗದಪತ್ರ ಬಿಸಿಲಿಗೆ ಹರವಿದ್ದನ್ನು ಕಂಡು ಬುದ್ಧಿ ಬಂತು. ಬೇರೊಂದು ಡಿಸ್ಕ್ ಕೊಂಡು ವಾರಕ್ಕೊಮ್ಮೆ ಬ್ಯಾಕಪ್ ಇಡತೊಡಗಿದೆ. ಕೆಲವು ತಿಂಗಳ ಮೇಲೆ, ಒಂದು ಫೈಲು ಓದಲಾಗುತ್ತಿಲ್ಲವೆಂಬ ಸಂದೇಶ ಬರತೊಡಗಿತು. ಅಂಗಡಿಯವನನ್ನು ಕೇಳಿದರೆ, "ಅದು ಬರ್ತಿರತೈತ್ರಿ, ಕ್ಲೋಜ್ ಮಾಡ್ರಿ" ಅಂದ. ಮಾಡಿದೆ. ನನ್ನ ತಪ್ಪು ಇದೊಂದೇ.

ಅವ್ವ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ಕಂಪ್ಯೂಟರು ಏಳಲಿಲ್ಲ. ಬ್ಯಾಕಪ್ ತೆರೆದರೆ ಇದ್ದದ್ದು ಇಪ್ಪತ್ತಾರು ಪದ. ಓದಲಾಗದ ಆ ಫೈಲಿನ ಹತ್ತಿರ ಬಂದು ಪ್ರತಿ ವಾರವೂ ನಕಲು ನಿಂತುಬಿಟ್ಟಿತ್ತು. ಅಂಗಡಿಯವನು ಏನೋ ರಿಪೇರಿ ಓಡಿಸಿ, ಹೊಸ ಡಿಸ್ಕ್ ಕೊಡಲು ಬಂದ. ತಪ್ಪು ಮಾತ್ರ ನನ್ನ ಬೆರಳಿನದೇ.

ಹುಕ್ಕೇರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿ ಡಿಪ್ಲೊಮಾ ಓದಿದವಳು. ಆಕೆ ಅರ್ಧ ತಾಸಿನಲ್ಲಿ ತಿಳಿಸಿದಳು: "ಫೈಲ್ ಸಿಸ್ಟಮ್ ಅಂದ್ರ ಪುಸ್ತಕದ ಪರಿವಿಡಿ ಇದ್ದಂಗ, ಅಕ್ಕೋರ. ಪಾಠ ಒಳಗ ಇರತೈತಿ, ಪುಟದ ನಂಬರ ತಪ್ಪಿದ್ರ ಸಿಗೂದಿಲ್ಲ." ಬರೆಯುವಾಗ ಕರೆಂಟು ಹೋದರೂ ಪರಿವಿಡಿ ಕೆಡುತ್ತದಂತೆ. 1887ರಲ್ಲೇ ನಮ್ಮ ಗೋಕಾಕ ಫಾಲ್ಸಿನಲ್ಲಿ ವಿದ್ಯುತ್ ತೆಗೆದರೆಂದು ಎದೆಯುಬ್ಬಿಸಿ ಪಾಠ ಹೇಳಿದವಳು ನಾನು. ಮನೆಯಲ್ಲಿ ಒಂದು ಯುಪಿಎಸ್ ಇಟ್ಟಿರಲಿಲ್ಲ!

ಚೆಕ್‌ಡಿಸ್ಕ್ ಎಂಬ ಆಜ್ಞೆಯನ್ನು ಬರಿದೇ ಕೊಟ್ಟರೆ ತಪ್ಪು ಹುಡುಕಿ ಹೇಳುತ್ತದೆ, 'ಎಫ್' ಸೇರಿಸಿದರೆ ತಿದ್ದುತ್ತದೆ. ತಿದ್ದುವುದೆಂದರೆ ಪರಿವಿಡಿಯನ್ನು ಸರಿಮಾಡುವುದು, ಪಾಠ ಉಳಿಸುವುದಲ್ಲ. ದಿಕ್ಕಿಲ್ಲದ ತುಂಡುಗಳನ್ನು 'ಫೌಂಡ್' ಎಂಬ ಫೋಲ್ಡರಿಗೆ ತುಂಬುತ್ತದೆ. ಸಾಯುತ್ತಿರುವ ಡಿಸ್ಕಿನಿಂದ ಬಂದಷ್ಟನ್ನು ಮೊದಲು ಹೊರಗೆ ತೆಗೆದುಕೊಳ್ಳಬೇಕು, ರಿಪೇರಿ ಆಮೇಲೆ. ನನ್ನ ಡಿಸ್ಕಿಗೆ ಆದದ್ದು ಉಲ್ಟಾ. ಆ ತುಂಡುಗಳಲ್ಲಿ ಒಂದೂ ಹಾಡಲಿಲ್ಲ. ನನ್ನ ಹೆಸರು ಹಾಕಿ ಅವ್ವ ಕಟ್ಟಿದ್ದ ತೊಟ್ಟಿಲ ಪದ ಹೋದ ಹದಿನೈದರಲ್ಲಿತ್ತು.

ಮಗಳ ಮದುವೆ ವಿಡಿಯೋ ನಕಲಾಗದಿದ್ದಾಗಲೂ ಇದೇ ಅಂಗಡಿ "ಪೆನ್‌ಡ್ರೈವ್ ಕೆಟ್ಟೈತಿ, ಹೊಸಾದ ತಗೋರಿ" ಅಂದಿತ್ತು, ನಾನು ತೆಗೆದುಕೊಂಡೂ ಇದ್ದೆ. ಕೆಟ್ಟಿರಲಿಲ್ಲ. ಅದು ಫ್ಯಾಟ್32, 4 ಜಿಬಿಗಿಂತ ದೊಡ್ಡ ಒಂದೇ ಫೈಲು ಅದರಲ್ಲಿ ಹಿಡಿಯುವುದಿಲ್ಲ, ಎಷ್ಟು ಜಾಗ ಖಾಲಿ ಇದ್ದರೂ. ಬೇರೆ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಸಾಕಿತ್ತು. ಅಕ್ಕಿ ಹಸನು ಮಾಡಿ ಕಲ್ಲು ಹೆಕ್ಕುವ ನಮಗೆ ಇದು ತಿಳಿಯದ ವಿದ್ಯೆಯೇನಲ್ಲ. ತಿಳಿಸಿದರೆ ವ್ಯಾಪಾರ ಕೆಡುತ್ತದೆ, ಅಷ್ಟೇ.

ಈಗ ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದಲೇ ಒಂದು ಪದ ತೆರೆದು ಕೊನೆಯವರೆಗೆ ಕೇಳುತ್ತೇನೆ. ಎರಡನೆಯ ಪ್ರತಿ ಹುಕ್ಕೇರಿಯಲ್ಲಿದೆ. ಮೊನ್ನೆ ಮತ್ತೆ ತಪ್ಪಿನ ಸಂದೇಶ ಬಂತು. ಮುಚ್ಚದೆ ಫೋಟೋ ತೆಗೆದುಕೊಂಡು ಅಂಗಡಿಗೆ ಹೋದೆ. "ಏನ್ ಒತ್ತಿದ್ರಿ, ಅಕ್ಕೋರ?" ಅಂದ. ಮೊಬೈಲು ಅವನ ಮುಂದೆ ಹಿಡಿದೆ. "ಇದನ್ನ ಗಟ್ಟಿಯಾಗಿ ಓದು, ತಮ್ಮಾ," ಅಂದೆ.