ಸೊಕ್ಕಿನ ಹೆಣ್ಣೂ ನಮ್ಮ ಚಪ್ಪಾಳೆಯೂ

ನಮ್ಮ ಪತ್ರಿಕೆಯ ಹೋದ ಸಂಚಿಕೆಯಲ್ಲಿ ಮಿತ್ರರೊಬ್ಬರು, ಸಿನಿಮಾವನ್ನು ಸಿನಿಮಾ ಎಂದಷ್ಟೇ ನೋಡಿ ಎಂದು ಬರೆದದ್ದನ್ನು ನೀವೆಲ್ಲ ಓದಿದ್ದೀರಿ. ಅವರ ವಾದ ಇಷ್ಟು: ಪರದೆಯ ಮೇಲೆ ಹೆಣ್ಣನ್ನು ತಗ್ಗಿಸಿ ತೋರಿಸಿದರೆ ಗಂಡಸರಿಗೆ ಖುಷಿಯಾಗುತ್ತದೆ, ಹೆಂಗಸರಿಗೆ ಸಿಟ್ಟು ಬರುತ್ತದೆ, ಮನೆ ಮುಟ್ಟುವಷ್ಟರಲ್ಲಿ ಇಬ್ಬರೂ ಮರೆತಿರುತ್ತಾರೆ. ಮೂರು ಗಂಟೆಯ ಮೋಜಿಗೆ ಇಷ್ಟೊಂದು ಗಲಾಟೆ ಯಾಕೆ? ಬರೆದವರ ಕನ್ನಡ ಚೆನ್ನಾಗಿದೆ, ನನಗೆ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿದೆ. ಆದರೆ ಅವರ ಮಾತು ನನಗೆ ಒಪ್ಪಿಗೆಯಿಲ್ಲ. ಹೆಂಗಸರಿಗೆ ಸಿಟ್ಟು ಬರುತ್ತದೆ ಎಂದು ಅವರಿಗೆ ಹೇಳಿದವರು ಯಾರೋ. ಮನೆ ಮುಟ್ಟುವಷ್ಟರಲ್ಲಿ ಮರೆಯುತ್ತಾರೆ ಎಂಬುದಂತೂ ಶುದ್ಧ ಸುಳ್ಳು.

ಉದಾಹರಣೆಗೆ ದೂರ ಹೋಗಬೇಕಿಲ್ಲ. ನಮ್ಮ ಬಳಗವೇ ಈ ವರ್ಷ ಪರದೆ ಕಟ್ಟಿ ತೋರಿಸಿದ 'ಅನುರಾಗ ಅರಳಿತು' ಚಿತ್ರವನ್ನು ತೆಗೆದುಕೊಳ್ಳಿ. 1986ರ ಚಿತ್ರ, ಎಂ. ಎಸ್. ರಾಜಶೇಖರ್ ನಿರ್ದೇಶನ, ರಾಜಕುಮಾರ್, ಮಾಧವಿ, ಗೀತಾ. ದೊಡ್ಡ ಕಾರ್ಖಾನೆಯ ಒಡತಿ, ಯಾರನ್ನೂ ಲೆಕ್ಕಕ್ಕೆ ತಾರದ ಹೆಣ್ಣು. ಅವಳ ಕೈಕೆಳಗೆ ಕೆಲಸಕ್ಕೆ ಸೇರಿದವನು ಬಡವ, ಸ್ವಾಭಿಮಾನಿ, ತಾಯಿಯೆಂದರೆ ಪ್ರಾಣ. ಅವನನ್ನು ಬಗ್ಗಿಸಬೇಕೆಂದೇ ಅವಳು ಅವನನ್ನು ಮದುವೆಯಾಗುತ್ತಾಳೆ. ಕಡೆಗೆ ಬಗ್ಗುವವಳು ಅವಳೇ. ಈ ಕತೆ ಕನ್ನಡದಲ್ಲಿ ನಿಲ್ಲಲಿಲ್ಲ. 1992ರಲ್ಲಿ ತೆಲುಗಿನ 'ಘರಾನಾ ಮೊಗುಡು', ಅದೇ ವರ್ಷ ತಮಿಳಿನ 'ಮನ್ನನ್', 1994ರಲ್ಲಿ ಹಿಂದಿಯ 'ಲಾಡ್ಲಾ'. ಚಿರಂಜೀವಿ, ರಜನೀಕಾಂತ್, ಅನಿಲ್ ಕಪೂರ್. ಮುಂಬಯಿಯಲ್ಲಿ ಬೆಳೆದ ನಮ್ಮಂಥವರು ಕನ್ನಡದ ಮೂಲ ನೋಡುವ ಮೊದಲೇ ಟಿ.ವಿ.ಯಲ್ಲಿ 'ಲಾಡ್ಲಾ' ನೋಡಿದವರು. ದಕ್ಷಿಣದವರು ಈ ಊರಿಗೆ ಇಡ್ಲಿ-ದೋಸೆ ಕೊಟ್ಟೆವೆಂದು ಎದೆ ತಟ್ಟಿಕೊಳ್ಳುತ್ತೇವಲ್ಲ, ಈ ಸೊಕ್ಕಿನ ಒಡತಿಯನ್ನು ಕೊಟ್ಟವರೂ ನಾವೇ.

ಅದೇ ರಾಜಶೇಖರ್ 1989ರಲ್ಲಿ 'ನಂಜುಂಡಿ ಕಲ್ಯಾಣ' ಮಾಡಿದರು. ಅದು ಪರ್ವತವಾಣಿಯವರ ನಾಟಕದಿಂದ ಬಂದದ್ದು, ನಾಟಕ ಶೇಕ್ಸ್‌ಪಿಯರನಿಂದ ಬಂದದ್ದು. ಅಲ್ಲಿಗೆ ನಾನೂರು ವರ್ಷದಿಂದ ಈ ಹೆಣ್ಣನ್ನು ಪಳಗಿಸುತ್ತಲೇ ಇದ್ದಾರೆ, ಕೆಲಸ ಇನ್ನೂ ಪೂರೈಸಿಲ್ಲ.

ನಮ್ಮ ಪ್ರದರ್ಶನದ ದಿನ ಹಿಂದಿನ ಬೆಂಚುಗಳಿಂದ ಸಿಳ್ಳೆ ಬಂದದ್ದನ್ನು ನೀವೂ ಕೇಳಿದ್ದೀರಿ. ಒಡತಿ ದರ್ಪದ ಮಾತಾಡಬೇಕು, ನಾಯಕ ತಣ್ಣಗೆ ಜವಾಬು ಕೊಡಬೇಕು, ಸಿಳ್ಳೆ ಬೀಳಬೇಕು. ಆದರೆ ನಾನು ಎಡಗಡೆ ಹುಡುಗಿಯರ ಸಾಲಿನಲ್ಲಿ ಕೂತವಳು. ನಮಗ್ಯಾರಿಗೂ ಸಿಳ್ಳೆ ಹಾಕಲು ಬರುವುದಿಲ್ಲ, ಅಷ್ಟೇ ವ್ಯತ್ಯಾಸ. ಚಪ್ಪಾಳೆಯಲ್ಲಿ ನಮ್ಮ ಸಾಲು ಹುಡುಗರಿಗೆ ಸೋಲಲಿಲ್ಲ. ಮಹಿಳಾ ಸಮಾನತೆಯ ಮೇಲೆ ಮಾತಾಡಿ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ತಂದ ನನ್ನ ಗೆಳತಿಯೇ ಪಕ್ಕದಲ್ಲಿದ್ದಳು. 'ಹಾಗೇ ಆಗ್ಬೇಕು ಅವಳಿಗೆ' ಅಂದಳು. ಹೆಸರು ಹೇಳುವುದಿಲ್ಲ, ಈ ಪುಟ ಓದಿ ಅವಳೇ ಜಗಳಕ್ಕೆ ಬರುತ್ತಾಳೆ, ಆಗ ಗೊತ್ತಾಗುತ್ತದೆ.

ನಮ್ಮ ಮನೆಯಲ್ಲೂ ಇದೇ. ಅವ್ವ ಮೂರು ಮನೆಗಳ ಭಾಂಡೆ ತಿಕ್ಕಿ, ಅರಿವೆ ಒಗೆದು, ಮಧ್ಯಾಹ್ನ ಖೋಲಿಗೆ ಬಂದು ಕಾಲು ಚಾಚಿರುತ್ತಾಳೆ. ಟಿ.ವಿ.ಯಲ್ಲಿ 'ಲಾಡ್ಲಾ' ಹತ್ತಿತೋ, ಎದ್ದು ಕೂಡ್ರುತ್ತಾಳೆ. ಹಿಂದಿ ಅರ್ಧ ತಿಳಿಯುತ್ತದೆ, ಉಳಿದರ್ಧ ಅವಳಿಗೆ ಬೇಕಾಗಿಲ್ಲ. ಶ್ರೀದೇವಿಯ ಮುಖ ಇಳಿಯುತ್ತಲೇ 'ಏನ್ ಸೊಕ್ಕಿತ್ತವ್ವಾ ಆಕೀಗೆ! ಛಲೋ ಆತು, ಇಳೀತ ನೋಡು' ಎಂದು ತೊಡೆ ತಟ್ಟಿ ನಗುತ್ತಾಳೆ. ಒಮ್ಮೆ ಕೇಳಿದೆ: 'ಅಲ್ಲಬೇ, ಆಕೀನೂ ಹೆಣ್ಣಮಗಳಲ್ಲೇನು? ನಿನಗ್ಯಾಕ ಇಷ್ಟ ಖುಷಿ?' ಅವ್ವ ನನ್ನನ್ನೇ ವಿಚಿತ್ರವಾಗಿ ನೋಡಿದಳು. 'ಹೆಣ್ಣಮಗಳಂತ ಹೆಣ್ಣಮಗಳು! ಆಕಿ ಮೇಡಮ್ಮ. ಎರಡ ದಿನಾ ಜ್ವರಾ ಬಂದು ಮಲಗಿದ್ರ ಪಗಾರ ಕಡೀತಾಳಲ್ಲ, ಆ ಮೇಡಮ್ಮ.'

ಈ ಉತ್ತರ ನನ್ನ ತಲೆಯಲ್ಲಿ ಬಹಳ ದಿನ ಕೂತಿತ್ತು. ಅವ್ವ ನೋಡಿದ್ದು ಯಜಮಾನಿಯನ್ನು. ಹಿಂದಿನ ಬೆಂಚಿನವರು ನೋಡಿದ್ದು ಹೆಂಗಸನ್ನು. ಚಪ್ಪಾಳೆ ಒಂದೇ ಗಳಿಗೆಯಲ್ಲಿ ಬೀಳುತ್ತದೆ, ಸದ್ದೂ ಒಂದೇ. ಹಾಗಾಗಿ ಎಲ್ಲರೂ ಒಂದೇ ಕಾರಣಕ್ಕೆ ತಟ್ಟಿದರೆಂದು ಸಿನಿಮಾ ಮಾಡುವವರೂ ತಿಳಿಯುತ್ತಾರೆ, ನಾವೂ ತಿಳಿಯುತ್ತೇವೆ. ಈ ಕತೆಯ ಜಾಣತನ ಇರುವುದೇ ಇಲ್ಲಿ. ದುಡಿಯುವವರಿಗೆ ದುಡಿಸಿಕೊಳ್ಳುವವರ ಮೇಲೆ ಸಿಟ್ಟಿರುತ್ತದೆ, ನ್ಯಾಯವಾದ ಸಿಟ್ಟು. ಅದನ್ನು ಪೂರ್ತಿ ಬಸಿದುಕೊಂಡು ಒಬ್ಬ ಹೆಂಗಸಿನ ತಲೆಯ ಮೇಲೆ ಹೊಯ್ಯುತ್ತಾರೆ. ಅದೇ ಜಾಗದಲ್ಲಿ ಒಬ್ಬ ಗಂಡಸು ಮಾಲೀಕನಿದ್ದಿದ್ದರೆ ಅವನನ್ನು ಸರಿದಾರಿಗೆ ತರಲು ಮುಷ್ಕರ ಬೇಕಾಗುತ್ತಿತ್ತು, ಕೋರ್ಟು ಬೇಕಾಗುತ್ತಿತ್ತು. ಒಡತಿಗೆ ಒಂದು ತಾಳಿ ಸಾಕು.

ನಾನು ಕಾಮರ್ಸ್ ಓದುವವಳು. ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲಿ ಕಲಿತು, ಈಗಲೂ ಡೆಬಿಟ್-ಕ್ರೆಡಿಟ್ಟನ್ನು ಮನಸ್ಸಿನಲ್ಲೇ ಖರ್ಚು-ಜಮಾ ಎಂದು ತಿರುಗಿಸಿಕೊಂಡು ಪರೀಕ್ಷೆ ಬರೆಯುವವಳು. ಅದಕ್ಕೇ ಇರಬೇಕು, ಚಿತ್ರ ಮುಗಿದ ಮೇಲೆ ನನಗೆ ಮೊದಲು ಲೆಕ್ಕ ನೆನಪಾಗುತ್ತದೆ. ಒಡತಿಯ ಸೊಕ್ಕು ಇಳಿದ ಮೇಲೆ ಕಾರ್ಖಾನೆಯ ಆಳುಗಳ ಪಗಾರ ಎಷ್ಟು ಏರಿತು? ಬೋನಸ್ಸು ಬಂತೋ ಇಲ್ಲವೋ? ಅಷ್ಟು ವರ್ಷ ಅಷ್ಟು ದೊಡ್ಡ ವ್ಯವಹಾರವನ್ನು ಒಬ್ಬಳೇ ಹೇಗೆ ನಡೆಸಿದಳು ಎಂದು ಯಾರಾದರೂ ಕೇಳಿದರೇ? 'ಲಾಡ್ಲಾ'ದ ಕೊನೆಗೆ ಅವಳು ಮನೆಯಲ್ಲಿ ಉಳಿಯುತ್ತಾಳೆ, ಅವನು ದುಡಿಯಲು ಹೊರಡುತ್ತಾನೆ. ಅಡಾವೆ ಪತ್ರಿಕೆ ತೆಗೆದು ನೋಡಿದರೆ ಆಸ್ತಿ ಎಲ್ಲಿತ್ತೋ ಅಲ್ಲೇ ಇದೆ. ಕಡಿಮೆಯಾದದ್ದು ಒಬ್ಬ ಹೆಂಗಸಿನ ದನಿ ಮಾತ್ರ. ಅವ್ವನ ಕಡಿದ ಎರಡು ದಿನದ ಪಗಾರ ಆ ಚಪ್ಪಾಳೆಯಿಂದ ವಾಪಸು ಬರಲಿಲ್ಲ.

ಇನ್ನು ಗಂಡಸರ ವಿಷಯ. ಅವರಿಗೆ ಗಟ್ಟಿ ಹೆಂಗಸೆಂದರೇ ಆಗುವುದಿಲ್ಲ ಎನ್ನುವವರೂ ಇದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. 'ನಂಜುಂಡಿ ಕಲ್ಯಾಣ'ದಲ್ಲಿ ಪಳಗಿದ ಅದೇ ಮಾಲಾಶ್ರೀ 1991ರ 'ಎಸ್. ಪಿ. ಭಾರ್ಗವಿ'ಯಲ್ಲಿ ಖಾಕಿ ತೊಟ್ಟು ಬಂದರು. ಆ ಚಿತ್ರ ಹಾಕಿದರೆ ನಮ್ಮ ಚಾಳಿನ ಗಂಡಸರು ಬೀಡಿ ಆರಿಸಿ ಒಳಗೆ ಬಂದು ಕೂತು ನೋಡುತ್ತಾರೆ, ಹೊಡೆತ ಬಿದ್ದಾಗಲೆಲ್ಲ ಶಹಬ್ಬಾಸ್ ಅನ್ನುತ್ತಾರೆ. ಹೆಣ್ಣು ಊರಿನ ರೌಡಿಗೆ ಹೊಡೆದರೆ ಅಡ್ಡಿಯಿಲ್ಲ. ತಮ್ಮ ಎದುರು ಕೂತು 'ಈ ತಿಂಗಳ ಪಗಾರದಲ್ಲಿ ಎಂಟುನೂರು ಎಲ್ಲಿ ಹೋಯ್ತು' ಎಂದು ಕೇಳಿದರೆ ಮಾತ್ರ ಅದು ಸೊಕ್ಕು.

ಇನ್ನೊಂದು ಗಮನಿಸಿದ್ದೇನೆ. ಒಬ್ಬನೇ ಕೂತು ಮೊಬೈಲಿನಲ್ಲಿ ಸಿನಿಮಾ ನೋಡುವ ಹುಡುಗ ಸಿಳ್ಳೆ ಹಾಕುವುದಿಲ್ಲ. ಸಿಳ್ಳೆಗೆ ಪಕ್ಕದಲ್ಲಿ ಇನ್ನೊಬ್ಬ ಹುಡುಗ ಬೇಕು. ಆ ದಿನ ತಾಯಿಯ ದೃಶ್ಯದಲ್ಲಿ ಕಣ್ಣೊರೆಸಿಕೊಂಡ ನಮ್ಮ ತರಗತಿಯ ಒಬ್ಬನನ್ನು ಅವನ ಗೆಳೆಯರು ವಾರವಿಡೀ 'ಅಳುಮುಂಜಿ' ಎಂದು ಕಾಡಿದರು. ಇನ್ನು ಮುಂದಿನ ಚಿತ್ರದಲ್ಲಿ ಎಲ್ಲರಿಗಿಂತ ದೊಡ್ಡ ಸಿಳ್ಳೆ ಅವನದೇ ಆಗಿರುತ್ತದೆ, ಬೇಕಾದರೆ ಪಣ ಕಟ್ಟುತ್ತೇನೆ. ಪರದೆಯ ಮೇಲಿನ ಗಂಡಸು ಹೆಂಗಸರನ್ನಷ್ಟೇ ಹೆದರಿಸುತ್ತಾನೆ ಎಂದುಕೊಳ್ಳಬೇಡಿ.

ನಮ್ಮಪ್ಪನನ್ನೇ ನೋಡಿ. ಉಡುಪಿ ಹೋಟೆಲೊಂದರ ಅಡಿಗೆಮನೆಯಲ್ಲಿ ಬೆಳಗಿನ ಐದಕ್ಕೆ ಒಲೆ ಹಚ್ಚುವವರು. ಈ ಮುಂಬಯಿಯಲ್ಲಿ ದುಡ್ಡಿಗಾಗಿ ಅಡಿಗೆ ಮಾಡುವ ಕನ್ನಡದ ಗಂಡಸರನ್ನು ಲೆಕ್ಕ ಹಾಕಿ ಮುಗಿಸಲಾಗದು. ಆದರೆ ಸಿನಿಮಾದಲ್ಲಿ ಅಡಿಗೆಯವನು ಬಂದನೆಂದರೆ ಬಹುಮಟ್ಟಿಗೆ ನಗಿಸಲಿಕ್ಕೆ ಬಂದವನೇ. ಹಿಂದಿಯ 'ಬಾವರ್ಚಿ' (1972), ಅದನ್ನೇ ಕನ್ನಡಕ್ಕೆ ತಂದ ಸುದೀಪರ 'ನಂ. 73 ಶಾಂತಿನಿವಾಸ' (2007), ಇಂಥ ಒಂದೆರಡನ್ನು ಬಿಡಿ. ಅಪ್ಪ ಪಗಾರ ತಂದು ಅವ್ವನ ಕೈಗಿಡುತ್ತಾರೆ. ಅದಕ್ಕೆ ನಮ್ಮ ಬಳಗದವರು ಇಟ್ಟ ಹೆಸರು 'ಹೆಂಡರ ಗುಲಾಮ'. ಒಮ್ಮೆ ಕಾಕಾ ಎಲ್ಲರ ಎದುರು ಹಾಗೆಂದಾಗ ಅಪ್ಪ ನಕ್ಕು, 'ಸಿನಿಮಾದಾಗಿನ ಗಂಡಸು ನಾ ಆಗಿದ್ರ ಈಕಿ ಎಂದೋ ಇಂಡಿಗೆ ರೈಲು ಹತ್ತತಿದ್ಲು' ಅಂದರು. ನಕ್ಕದ್ದು ಹೌದು. ಆದರೆ ಆ ತಿಂಗಳು ಪಗಾರದ ಪಾಕೀಟು ನೇರ ಅವ್ವನ ಕೈಗೆ ಬರಲಿಲ್ಲ. ಗೂಟದ ಅಂಗಿಯ ಜೇಬಿನಲ್ಲಿತ್ತು, ಅವ್ವನೇ ತೆಗೆದುಕೊಂಡಳು.

ಮನೆ ಮುಟ್ಟುವಷ್ಟರಲ್ಲಿ ಮರೆಯುತ್ತೇವೆ ಎನ್ನುವ ಮಿತ್ರರಿಗೆ ಒಂದು ಸರಕಾರಿ ಲೆಕ್ಕ ಕೊಡುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಏಳು ಕಾರಣಗಳನ್ನು ಓದಿ ಹೇಳಿ, ಇವುಗಳಲ್ಲಿ ಯಾವುದಕ್ಕಾದರೂ ಗಂಡ ಹೆಂಡತಿಗೆ ಹೊಡೆಯುವುದು ಸರಿಯೇ ಎಂದು ಕೇಳಿದ್ದರು. ಹೇಳದೆ ಹೊರಗೆ ಹೋದದ್ದು, ಎದುರು ಮಾತಾಡಿದ್ದು, ಅಡಿಗೆ ಸರಿಯಾಗಿ ಮಾಡದೆ ಇದ್ದದ್ದು, ಅತ್ತೆಮಾವನಿಗೆ ಅಗೌರವ ತೋರಿಸಿದ್ದು, ಹೀಗೆ. ದೇಶದಲ್ಲಿ ನೂರಕ್ಕೆ ಸುಮಾರು 45 ಹೆಂಗಸರು, 44 ಗಂಡಸರು ಒಂದಲ್ಲ ಒಂದು ಕಾರಣಕ್ಕೆ ಸರಿ ಎಂದರು. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 77 ಹೆಂಗಸರು, 82 ಗಂಡಸರು. ಇದನ್ನು ಸಿನಿಮಾ ಕಲಿಸಿತು ಎಂದು ನಾನು ಹೇಳಲಾರೆ. ಸಿನಿಮಾ ಹುಟ್ಟುವ ಮೊದಲೂ ಹೊಡೆತ ಇತ್ತು. ಆದರೆ ಆ ಏಳು ಕಾರಣಗಳನ್ನು ಓದಿ ನೋಡಿ. ಅರ್ಧ ಚಿತ್ರಕಥೆ ಅಲ್ಲೇ ಸಿಗುತ್ತದೆ.

ನನಗೆ ಇದು ಬರಿಯ ಚರ್ಚೆಯ ವಿಷಯವಾಗಿ ಉಳಿದಿಲ್ಲ. ಅಕ್ಕ ಒಂದು ಸಾಗಣೆ ಕಂಪನಿಯಲ್ಲಿ ಲೆಕ್ಕ ಬರೆಯುತ್ತಾಳೆ. ನನ್ನ ಕಾಲೇಜು ಫೀ ಅವಳದು, ತಮ್ಮನ ಟ್ಯೂಶನ್ನು ಅವಳದು. ಸುಳ್ಳು ವೌಚರಿಗೆ ಸಹಿ ಹಾಕು ಅಂದರೆ ಹಾಕುವುದಿಲ್ಲ. ಬಾಡಿಗೆ ಏರಿಸಲು ಬಂದವನ ಹತ್ತಿರ ಹಿಂದಿನ ಪಾವತಿ ಕೇಳುತ್ತಾಳೆ. ಈಗ ಊರ ಕಡೆಯಿಂದ ಒಂದು ಸಂಬಂಧ ಬಂದಿದೆ. ಹುಡುಗ ಒಳ್ಳೆಯವನಂತೆ, ಆದರೆ ಮದುವೆಯಾದ ಮೇಲೆ ನೌಕರಿ ಬಿಡಬೇಕಂತೆ. ಅಕ್ಕ ಬಿಡುವುದಿಲ್ಲ ಅಂದಳು. ಮಾತು ತಂದ ಚಿಗವ್ವ ಅವ್ವನಿಗೆ ಹೇಳಿದಳು: 'ನಿನ್ನ ಮಗಳಿಗೆ ಸೊಕ್ಕ ಭಾಳ ಆಗೇತಿ. ಒಬ್ಬ ಗಟ್ಟಿ ಗಂಡ ಸಿಕ್ಕರ ತಾನ ಇಳೀತೈತಿ.'

ಎಂ. ಎಸ್. ರಾಜಶೇಖರ್ ಮೂರು ಗಂಟೆಯಲ್ಲಿ ಹೇಳಿದ್ದನ್ನು ಚಿಗವ್ವ ಎರಡು ಮಾತಿನಲ್ಲಿ ಹೇಳಿದಳು. ಅವ್ವ ಈ ಸಲ ತೊಡೆ ತಟ್ಟಲಿಲ್ಲ. ಮೇಡಮ್ಮನಿಗೆ ಅಂದ ಶಬ್ದವೇ ಚಾಳಿನ ಮೆಟ್ಟಿಲು ಹತ್ತಿ ಬಂದು ಅವಳ ಮಗಳ ಹೆಸರಿಗೆ ಅಂಟಿಕೊಂಡಿತ್ತು. ಅಕ್ಕನಿಗೆ ಕಾರ್ಖಾನೆಯೂ ಇಲ್ಲ, ಕಾರೂ ಇಲ್ಲ. ಇರುವುದು ಸೆಕೆಂಡ್ ಕ್ಲಾಸಿನ ರೈಲ್ವೆ ಪಾಸು. ಸಂಬಂಧದ ಮಾತು ಇನ್ನೂ ಮುರಿದಿಲ್ಲ, ಕೂಡಿಯೂ ಬಂದಿಲ್ಲ.

ಇದೆಲ್ಲ ಗಂಡಸರು ಬರೆದದ್ದು, ಹೆಂಗಸರು ಬರೆದಿದ್ದರೆ ಬೇರೆಯಾಗುತ್ತಿತ್ತು ಎನ್ನುತ್ತೀರೋ? 'ಅನುರಾಗ ಅರಳಿತು' ಎಚ್. ಜಿ. ರಾಧಾದೇವಿಯವರ ಕಾದಂಬರಿಯಿಂದ ಬಂದದ್ದು. ಹಾಗೆಯೇ ತ್ರಿವೇಣಿಯವರ 'ಶರಪಂಜರ'ವೂ ಹೆಂಗಸಿನ ಕಾದಂಬರಿಯೇ. 1971ರಲ್ಲಿ ಪುಟ್ಟಣ್ಣ ಕಣಗಾಲರು ಚಿತ್ರ ಮಾಡಿದರು. ಅಲ್ಲಿಯ ಕಾವೇರಿಗೆ ಸೊಕ್ಕಿಲ್ಲ. ಹುಚ್ಚಾಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದವಳು, ಮೊದಲಿನಂತೆ ಇರಬೇಕೆಂದು ಆಸೆಪಟ್ಟವಳು. ಗಂಡನೂ ನೆರೆಹೊರೆಯೂ ಸೇರಿ ಅವಳನ್ನು ಮತ್ತೆ ಅಲ್ಲಿಗೇ ಕಳಿಸುತ್ತಾರೆ. ಅಲ್ಲಿ ಚಪ್ಪಾಳೆ ತಟ್ಟಲು ಜಾಗವಿಲ್ಲ. ಹೆಂಗಸರು ಅತ್ತರು, ಇವತ್ತಿಗೂ ಅಳುತ್ತಾರೆ. ಗಂಡಸರು ಏನು ಮಾಡಿದರು, ಆ ಗಂಡನನ್ನು ನೋಡಿ ಅವರಿಗೆ ಏನನಿಸಿತು ಎಂದು ನಮ್ಮಲ್ಲಿ ಯಾರೂ ಕೇಳಿದಂತಿಲ್ಲ.

ಅದಕ್ಕೇ, ಬಳಗದ ಕಾರ್ಯದರ್ಶಿಗಳು ಮುಂದಿನ ಚಿತ್ರಕ್ಕೆ ಸೂಚನೆ ಕೇಳಿದ್ದಾರಲ್ಲ, ನನ್ನ ಸೂಚನೆ 'ಶರಪಂಜರ'. ಚಿತ್ರ ಮುಗಿದೊಡನೆ ಯಾರೂ ಏಳಬಾರದು. ದೀಪ ಹಾಕಿ ಅರ್ಧ ಗಂಟೆ ಮಾತಾಡೋಣ, ಮೊದಲು ಹುಡುಗರು ಮಾತಾಡಲಿ. ಲೇಖನ ಬರೆದ ಮಿತ್ರರು ಆ ದಿನ ತಪ್ಪಿಸಿಕೊಳ್ಳಬಾರದು. ವಿರಾರ್ ಲೋಕಲ್ ತಪ್ಪುತ್ತದೆ ಅನ್ನುವವರಿದ್ದರೆ ನಾಲ್ಕಕ್ಕೇ ಶುರು ಮಾಡಿದರಾಯಿತು. ಅವ್ವನನ್ನೂ ಅಕ್ಕನನ್ನೂ ಕರೆತರುತ್ತೇನೆ, ಎರಡು ಕುರ್ಚಿ ಹೆಚ್ಚಿಗೆ ಹಾಕಿಸಿ.