ಗಡಿ ದಾಟಿದರೂ ಜಾತಿ ಬಿಡದು, ಹಕ್ಕು ಮಾತ್ರ ಬಿಡುತ್ತದೆ

1956ರಿಂದ ಕೇರಳದಲ್ಲಿ ಭಾಷಾ ಅಲ್ಪಸಂಖ್ಯಾತರಾಗಿರುವ ನಾವು ಶಾಲೆ, ಪಠ್ಯಪುಸ್ತಕ, ನಾಮಫಲಕಗಳಿಗಾಗಿ ದನಿ ಎತ್ತುತ್ತ ಬಂದಿದ್ದೇವೆ. ಎತ್ತಲೇಬೇಕು. ಆದರೆ ಗಡಿಯಾಚೆಗೆ ಬದುಕುವ ಕನ್ನಡಿಗರು ನಾವಷ್ಟೇ ಅಲ್ಲ. ಗೋವೆಯಲ್ಲಿ ಬೀದಿ ಗುಡಿಸುವ, ಚರಂಡಿ ಬಳಿಯುವ ಕೈಗಳಲ್ಲಿ ಉತ್ತರ ಕರ್ನಾಟಕದಿಂದ ಹೋದವರ ಕೈಗಳು ಬಹಳ. ಅವರ ಮನೆಮಾತೂ ಕನ್ನಡವೇ. ನಮ್ಮ ಯಾವ ಠರಾವಿನಲ್ಲಿ ಅವರಿದ್ದಾರೆ?

ಕಾನೂನು ಇಲ್ಲವೆಂದಲ್ಲ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 1993ರ ಕಾಯ್ದೆ ಮೊದಲು ಅನ್ವಯವಾದ 6 ರಾಜ್ಯಗಳಲ್ಲಿ ಗೋವೆಯೂ ಇತ್ತು, ಕರ್ನಾಟಕವೂ ಇತ್ತು. ಆದರೂ 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು, ತಮ್ಮನ್ನು ಮನೆಗಳಿಂದ ಎಬ್ಬಿಸುವುದನ್ನು ಪ್ರತಿಭಟಿಸಿ, ಪುರಸಭೆಯೆದುರು ಮೈಗೆ ಮಲ ಸುರಿದುಕೊಳ್ಳಬೇಕಾಯಿತು. ಬಳಿಕ ಬಂದ 2013ರ ಕಾಯ್ದೆ, ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಒಳಚರಂಡಿಗೆ, ಮಲದ ಗುಂಡಿಗೆ ಇಳಿಸಕೂಡದೆಂದಿತು. ಇಳಿಸಿದವನಿಗೆ ಮೊದಲ ಸಲಕ್ಕೇ 2 ವರ್ಷದವರೆಗೆ ಸೆರೆ, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಳಚರಂಡಿ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು.

ಹಾಗಾದರೆ ತೊಡಕೆಲ್ಲಿ? ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯಕ್ಕೊಂದು. ಗೋವೆಯ ಪಟ್ಟಿಯಲ್ಲಿರುವುದು ಭಂಗಿ, ಚಾಂಭಾರ, ಮಹಾರ, ಮಹ್ಯವಂಶಿ, ಮಾಂಗ ಎಂಬ 5 ಹೆಸರು. ಮಾದಿಗ ಎಂಬ ಹೆಸರು ಅಲ್ಲಿಲ್ಲ. ಕರ್ನಾಟಕದ ಜಾತಿಪತ್ರಕ್ಕೆ ಗೋವೆಯ ಮೀಸಲಾತಿ ದಕ್ಕದು. ಪೊರಕೆ ಕೊಡುವಾಗ ಜಾತಿಯನ್ನು ತಪ್ಪದೆ ಗುರುತಿಸುವ ಸಮಾಜ ಸವಲತ್ತು ಕೊಡುವಾಗ ಅದೇ ಜಾತಿಯನ್ನು ಅರಿಯೆನೆನ್ನುತ್ತದೆ. ಇದೆಂಥ ನ್ಯಾಯ?

ಆದರೆ 2013ರ ಕಾಯ್ದೆಯ ರಕ್ಷಣೆಗೆ ಜಾತಿಪತ್ರ ಬೇಡ, ಭಾಷೆಯ ಹಂಗೂ ಇಲ್ಲ. ಬೇಕಾದುದು ದುಡಿಮೆಯ ಪುರಾವೆ. ಕೂಲಿಯನ್ನು ಕೈಯಲ್ಲೇ ಎಣಿಸುವ ಗುತ್ತಿಗೆದಾರ, ಆಳು ಸತ್ತ ಮೇಲೆ 'ಇವನು ನಮ್ಮವನಲ್ಲ' ಎಂದುಬಿಟ್ಟರೆ ವಿಧವೆ ಏನು ತೋರಿಸಬೇಕು? ಬ್ಯಾಂಕಿನ ಗುಮಾಸ್ತನಾಗಿ ಹೇಳುತ್ತೇನೆ: ಕೂಲಿ ಖಾತೆಗೆ ಜಮೆಯಾಗಲಿ. ಪಾಸ್‌ಬುಕ್ಕಿನಲ್ಲಿ ಯಾರಿಂದ ಹಣ ಬಂತೆಂಬ ಒಂದು ಸಾಲು ಇದ್ದರೆ ಗುತ್ತಿಗೆದಾರನ ಸುಳ್ಳು ನಿಲ್ಲದು.

ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವ ಮಾಡಲಿ, ಬೇಡವೆನ್ನುವವರಾರು? ಅದರ ಜೊತೆಗೆ ಈ ಕಾರ್ಮಿಕರಿಗೆ ಖಾತೆ ತೆರೆಸಲಿ, ಕಾಯ್ದೆಯನ್ನು ಕನ್ನಡದಲ್ಲಿ ಓದಿ ಹೇಳಲಿ, ಜಿಲ್ಲಾಧಿಕಾರಿಗೆ ಅರ್ಜಿ ಬರೆದುಕೊಡಲಿ, ತಮ್ಮ ವೇದಿಕೆಯ ಮೇಲೆ ಕುರ್ಚಿ ಹಾಕಿ ಕೂರಿಸಲಿ. ಚರಂಡಿಯಲ್ಲಿ ನಿಂತ ಕನ್ನಡಿಗನನ್ನು ನಮ್ಮವನೆನ್ನಲು ನಾಚುವ ಕನ್ನಡಾಭಿಮಾನ, ಅಭಿಮಾನವಲ್ಲ, ಬರಿಯ ಮಡಿ.